ಕಪ್ಪು ಬಣ್ಣವೂ ಬೆಳಕೂ

ಮಳೆಗಾಲದ ರಾತ್ರಿ ಡೊಂಬಿವಲಿಯ ನಿಲ್ದಾಣದಿಂದ ಹೊರಬಂದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಹಗಲೆಲ್ಲ ಮಂಕಾಗಿದ್ದ ಡಾಮರಿನ ರಸ್ತೆಯು ನೆನೆದೊಡನೆ ಬೀದಿದೀಪಗಳನ್ನೆಲ್ಲ ಧರಿಸಿಕೊಂಡು ಹೊಳೆಯುತ್ತದೆ. ಕಪ್ಪೆಂದರೆ ಬೆಳಕಿನ ಅಭಾವವೆಂಬ ನಮ್ಮ ರೂಢಿಯ ತಿಳಿವಳಿಕೆ ಅಪೂರ್ಣವೆನ್ನಲು ಇದೊಂದೇ ನಿದರ್ಶನ ಸಾಕು. ಕೇವಲ ಕಪ್ಪನ್ನೇ ಬಳಿದ ಅಮೂರ್ತ ಚಿತ್ರಗಳಲ್ಲಿ ನೋಡುವುದೇನಿದೆಯೆಂದು ಕೇಳುವವರಿಗೆ ಉತ್ತರವೂ ಇಲ್ಲಿಯೇ ಇದೆ.

ಬಣ್ಣದ ಮೇಲೆ ಬಿದ್ದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದು ಭಾಗವು ಒಳಹೊಕ್ಕು, ವರ್ಣಕಣಗಳಿಂದ ಚದುರಿ, ಬಣ್ಣವಾಗಿ ಹೊರಬರುತ್ತದೆ. ಇನ್ನೊಂದು, ನೇರವಾಗಿ ಬಿದ್ದಾಗ ನೂರಕ್ಕೆ ಸುಮಾರು 4ರಷ್ಟು, ಎಣ್ಣೆಯ ನುಣುಪಾದ ಮೇಲ್ಮೈಯಿಂದಲೇ ಕನ್ನಡಿಯಿಂದ ಮರಳುವಂತೆ ಮರಳುತ್ತದೆ. ಬೆಳಕು ಓರೆಯಾದಷ್ಟೂ ಇದರ ಪ್ರಮಾಣ ಹೆಚ್ಚು. ಬಿಳಿಯ ಬಣ್ಣದಲ್ಲಿ ಮೊದಲನೆಯದರ ಪ್ರಾಬಲ್ಯದಿಂದ ಎರಡನೆಯದು ಮರೆಯಾಗುತ್ತದೆ. ಕಪ್ಪಾದರೋ ಮೊದಲನೆಯದನ್ನು ನುಂಗಿಬಿಡುವುದರಿಂದ ಮೇಲ್ಮೈಯ ಹೊಳಪೊಂದೇ ಉಳಿದು, ಕುಂಚದ ಒಂದೊಂದು ಗೀರೂ ಕಣ್ಣಿಗೆ ಸ್ಪಷ್ಟವಾಗುತ್ತದೆ.

ಫ್ರಾನ್ಸಿನ ಪಿಯೆರ್ ಸೂಲಾಜ್ (1919–2022) 1979ರಿಂದ ಈ ಮರಳುವ ಬೆಳಕನ್ನೇ ತಮ್ಮ ಕಲೆಯ ಮುಖ್ಯ ದ್ರವ್ಯವನ್ನಾಗಿ ಮಾಡಿಕೊಂಡರು. ದಪ್ಪನಾದ ಕಪ್ಪಿನಲ್ಲಿ ಒಂದೆಡೆ ಗೀರು, ಒಂದೆಡೆ ನುಣುಪು. ನೋಡುವವನು ಹೆಜ್ಜೆ ಸರಿಸಿದರೆ ಚಿತ್ರವೂ ಬದಲಾಗುತ್ತದೆ. ಅಮೆರಿಕದ ಆಡ್ ರೈನ್‌ಹಾರ್ಟ್ ಹಿಡಿದದ್ದು ಇದಕ್ಕೆ ವಿರುದ್ಧವಾದ ಹಾದಿ. 1960ರ ದಶಕದ ತಮ್ಮ ಐದಡಿ ಚೌಕದ ಚಿತ್ರಗಳಿಗೆ ಅವರು ಬಣ್ಣದೊಳಗಿನ ಎಣ್ಣೆಯನ್ನು ತೆಗೆದು ಹೊಳಪನ್ನೇ ನಿವಾರಿಸಿದರು. ಅಲ್ಲಿ ಕೆಂಪು, ನೀಲಿ, ಹಸುರುಗಳ ಛಾಯೆಯುಳ್ಳ ಕಪ್ಪುಗಳು ಬೇರೆಬೇರೆಯಾಗಿ ತೋರಬೇಕಾದರೆ ಕಣ್ಣು ಕೆಲಹೊತ್ತು ಕಾಯಬೇಕು.

ನಮಗೆ ಸಮೀಪದ ಉದಾಹರಣೆಯೂ ಉಂಟು. ಗೋವೆಯಲ್ಲಿ ಹುಟ್ಟಿ, ಬೋರಿಬಂದರಿನ ಬಳಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಎಫ್. ಎನ್. ಸೋಜ಼ಾ 1966ರಲ್ಲಿ ಲಂಡನ್ನಿನಲ್ಲಿ ಕಪ್ಪಿನ ಮೇಲೆ ಕಪ್ಪನ್ನಿಟ್ಟ ಚಿತ್ರಗಳನ್ನು ಪ್ರದರ್ಶಿಸಿದರು. ಅವು ಸಂಪೂರ್ಣ ಅಮೂರ್ತವಲ್ಲ. ಆದರೆ ಅವುಗಳಲ್ಲಿನ ರೂಪಗಳು ಮೈದೋರುವುದು ದಪ್ಪ ಬಣ್ಣದ ಉಬ್ಬುಗಳ ಮೇಲೆ ಬೆಳಕು ಬಿದ್ದಾಗ ಮಾತ್ರ.

ಕನ್ನಡಿಗರ ಕಣ್ಣಿಗೆ ಈ ಪಾಠ ಹೊಸದೇನೂ ಅಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿ ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳಿವೆ. ಒಳಗಿನ ಮಬ್ಬಿನಲ್ಲಿ ಅವುಗಳ ಬಳೆಯಂಥ ಅಂಚುಗಳ ಮೇಲೆ ಬೆಳಕಿನ ಗೆರೆ ಮೂಡಿ, ನಾವು ನಡೆದಂತೆ ತಾನೂ ಜರುಗುತ್ತದೆ.

ಅಚ್ಚಿನ ಪುಟದಲ್ಲಿ ಇಂಥ ಚಿತ್ರವು ಬರಿಯ ಕರಿಹಲಗೆ. ಛಾಯಾಚಿತ್ರವು ಒಂದೇ ಕೋನವನ್ನು ಹಿಡಿಯಬಲ್ಲುದು. ಪ್ರತಿಗಳನ್ನಷ್ಟೆ ನೋಡಿ ತೀರ್ಪಿತ್ತವರಲ್ಲಿ ಈ ಲೇಖಕನೂ ಒಬ್ಬನಾಗಿದ್ದನು. ದಿನವೂ ಠಾಣೆ, ಕಲ್ಯಾಣಗಳಿಂದ ಬೋರಿಬಂದರಿಗೆ ಹೋಗಿಬರುವ ನಾವು, ಮುಂಬಯಿಯ ಚಿತ್ರಶಾಲೆಗಳಲ್ಲಿ ಕಪ್ಪು ಚಿತ್ರವೊಂದು ಎದುರಾದರೆ, ತೀರ್ಪಿಗೆ ಮುನ್ನ ಅದರ ಮುಂದೆ ಎಡಕ್ಕೂ ಬಲಕ್ಕೂ ನಾಲ್ಕು ಹೆಜ್ಜೆ ನಡೆದು ನೋಡುವುದು ನ್ಯಾಯ.