ದನ ಕಾಯುವಲ್ಲಿಗೇ ಹೋದ ಶಾಲೆ

ಮಹಾರಾಷ್ಟ್ರದ ಡಹಾಣು ತಾಲ್ಲೂಕಿನ ಕೋಸಬಾಡ ಗುಡ್ಡದ ವಾರ್ಲಿ ಬುಡಕಟ್ಟಿನ ಮಕ್ಕಳಿಗೆ ಶಾಲೆಗೆ ಬರಲು ಪುರುಸೊತ್ತಿರಲಿಲ್ಲ. ಬೆಳಗಾದರೆ ಹುಡುಗರು ದನ ಹೊಡೆದುಕೊಂಡು ಹೋಗಬೇಕು. ಹುಡುಗಿಯರ ಕಂಕುಳಲ್ಲಿ ಸದಾ ಒಬ್ಬ ತಮ್ಮನೋ ತಂಗಿಯೋ. ಇಂಥವರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕುವುದು ಸುಲಭ. ಅನುತಾಯಿ ವಾಘ್ ಹಾಗೆ ಮಾಡಲಿಲ್ಲ. ದನ ಮೇಯುವ ಬಯಲಿಗೇ ಪಾಠವನ್ನು ಒಯ್ದರು. ಅದಕ್ಕೆ ‘ಕುರಣಶಾಲೆ’, ಅಂದರೆ ಹುಲ್ಲುಗಾವಲಿನ ಶಾಲೆ ಎಂದು ಹೆಸರಾಯಿತು. ಹುಡುಗಿಯರು ಕೂಸನ್ನು ಎತ್ತಿಕೊಂಡೇ ಬರಬಹುದಿತ್ತು. ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿದ ಆ ‘ವಿಕಾಸವಾಡಿ’ಯಲ್ಲಿ ಮಗು ಆಡುತ್ತಿದ್ದರೆ ಪಕ್ಕದಲ್ಲೇ ಅಕ್ಕ ಓದುತ್ತಿದ್ದಳು.

ಅನುತಾಯಿ ಹುಟ್ಟಿದ್ದು 1910ರಲ್ಲಿ, ಪುಣೆಯ ಕಡೆ. ಹದಿಮೂರಕ್ಕೆ ಮದುವೆ; ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡರು. ಆ ಕಾಲದಲ್ಲಿ ಬಾಲವಿಧವೆಗೆ ಮನೆಯ ಮೂಲೆಯೇ ಗತಿ. ಅವರು ಮಾತ್ರ ಓದಿದರು, ಶಿಕ್ಷಕಿಯಾದರು, ಪುಣೆಯಲ್ಲಿ ಪಾಠ ಹೇಳಿದರು. 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಜೊತೆಗೂಡಿ ಕಡಲತೀರದ ಬೋರ್ಡಿಗೆ ಬಂದವರು, 1992ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸ ಬಿಡಲಿಲ್ಲ.

ತಾರಾಬಾಯಿ ಪಳಗಿದ್ದು ಭಾವನಗರದಲ್ಲಿ. ವಕೀಲಿಕೆ ಬಿಟ್ಟ ಗಿಜುಭಾಯಿ ಬಧೇಕಾ ಅಲ್ಲಿ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಇಬ್ಬರೂ ಮಾಂಟೆಸ್ಸರಿ ಪದ್ಧತಿಗೆ ಮನಸೋತವರು. ಬೋರ್ಡಿಗೆ ಬಂದಾಗ ಆ ಪದ್ಧತಿ ವೇಷ ಬದಲಿಸಬೇಕಾಯಿತು. ದುಬಾರಿ ಸಾಮಗ್ರಿಯ ಜಾಗಕ್ಕೆ ಕಪ್ಪೆಚಿಪ್ಪು, ಬೀಜ, ಬೆಣಚುಕಲ್ಲು, ಎಲೆ ಬಂದವು. ಊರ ನಡುವಿನ ಬಾಲವಾಡಿಗೆ ದಲಿತ ಕೇರಿಯ ಮಕ್ಕಳು ಬಾರದಿದ್ದಾಗ ಶಿಕ್ಷಕಿಯರೇ ಕೇರಿಗೆ ಹೋಗಿ ಅಂಗಳದಲ್ಲಿ ಮಕ್ಕಳನ್ನು ಸೇರಿಸಿದರು. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಹೀಗೆ. ಕೆಲಸ 1957ರಲ್ಲಿ ಕೋಸಬಾಡಕ್ಕೆ ಸ್ಥಳಾಂತರವಾಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿ ಶಿಕ್ಷಕಿಯರು ತಯಾರಾದ ಬಗೆ. ಮಗುವಿನ ಮೈ ತೊಳೆದು ತಲೆ ಬಾಚುವುದೂ ಅವರ ಪಾಠದಲ್ಲಿ ಸೇರಿತ್ತು. ಮನೆಯವರು ಯಾವಾಗ ಕೂಲಿಗೆ ಹೋಗುತ್ತಾರೆ, ದನ ಯಾವಾಗ ಹಿಂತಿರುಗುತ್ತವೆ ಎಂದು ತಿಳಿಯದವರಿಗೆ ಅಲ್ಲಿ ಶಾಲೆ ನಡೆಸುವುದೇ ಸಾಧ್ಯವಿರಲಿಲ್ಲ. ಕಲಿಸುವವರು ಮೊದಲು ಆ ಜನರಿಂದ ಕಲಿಯಬೇಕಿತ್ತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಅಂದಿನಿಂದ ಅಂಗನವಾಡಿ ನಮ್ಮ ಊರೂರಿನದೂ ಆಗಿದೆ. ಊಟ ಬಂತು, ಚುಚ್ಚುಮದ್ದು ಬಂತು. ಅದು ಸಣ್ಣ ಸಾಧನೆಯಲ್ಲ. ಆದರೆ ಇಂದಿನ ಕಾರ್ಯಕರ್ತೆಯ ದಿನ ತೂಕ, ದಾಖಲೆ, ಮೊಬೈಲ್ ಆ್ಯಪ್, ಸಮೀಕ್ಷೆಗಳಲ್ಲೇ ಕಳೆದುಹೋಗುತ್ತದೆ. ಗೋಡೆಯ ಮೇಲೆ ಅದೇ ಅಕ್ಷರದ ಚಾರ್ಟು. ಹೊರಗೆ ಬಿದ್ದಿರುವ ಹುಣಸೆಬೀಜ, ಹೊಂಗೆಕಾಯಿ ಲೆಕ್ಕಕ್ಕಿಲ್ಲ. ಅಳಗುಳಿಮಣೆಯಲ್ಲಿ ಎಣಿಕೆ ಕಲಿಸಬಲ್ಲ ಅಜ್ಜಿ ಎದುರು ಮನೆಯಲ್ಲೇ ಇದ್ದರೂ ಅವರನ್ನು ಒಳಗೆ ಕರೆಯುವವರಿಲ್ಲ.

ಇಲಾಖೆ ಈ ಕಾರ್ಯಕರ್ತೆಯರ ಕಾಗದದ ಹೊರೆ ಇಳಿಸಲಿ. ಅವರ ತರಬೇತಿಯ ಕೆಲವು ದಿನಗಳಾದರೂ ಅವರವರ ಊರಿನ ಹೊಲ, ಹಟ್ಟಿ, ಕೇರಿಗಳಲ್ಲೇ ನಡೆಯಲಿ.