ಮ್ಯಾನ್‌ಕ್ರಿಕನ ಹೆಂಡತಿ ಎಲ್ಲಿ?

ಸಾವಿರಾರು ಮಂದಿ ತಮ್ಮ ತಮ್ಮ ಮನೆಯಲ್ಲಿಯೇ ಕುಳಿತು, ಒಂದೇ ಕಲ್ಪಿತ ಲೋಕದಲ್ಲಿ ವೇಷ ಧರಿಸಿ ಅಲೆಯುವ ಆಟಗಳನ್ನು ನಮ್ಮ ಮಕ್ಕಳು ಆಡುವುದನ್ನು ನಾವು ಕಾಣುತ್ತೇವಷ್ಟೆ. 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅವುಗಳಲ್ಲಿ ಹೆಸರಾದುದು. ಅದರಲ್ಲಿ ಮ್ಯಾನ್‌ಕ್ರಿಕ್ ಎಂಬಾತನು, ಕಾಳಗದಲ್ಲಿ ತಪ್ಪಿಹೋದ ತನ್ನ ಹೆಂಡತಿಯನ್ನು ಹುಡುಕಿಕೊಡಿರೆಂದು ಬೇಡುತ್ತಾನೆ. ಎಲ್ಲಿ ಹುಡುಕಬೇಕೆಂಬುದು ಮಾತ್ರ ಸ್ಪಷ್ಟವಿಲ್ಲ. ವಿಶಾಲವಾದ ಬಯಲಿನಲ್ಲಿ ದಿಕ್ಕು ತಪ್ಪಿದವರು ಒಬ್ಬರನ್ನೊಬ್ಬರು ಕೇಳಿ ಕೇಳಿ, ಆ ಪ್ರಶ್ನೆಯೇ ಒಂದು ಗಾದೆಯಂತಾಯಿತು. ಹೈಜಾಲ್ ಪರ್ವತಸೀಮೆಯ ದ್ವಾರವಂತೂ ಮುಚ್ಚಿಯೇ ಇತ್ತು.

ತಯಾರಕರು ಈ ಕುಂದುಗಳನ್ನು ತಿದ್ದಿದರು. 2009ರ ಡಿಸೆಂಬರಿನಲ್ಲಿ, ಒಪ್ಪಿಕೊಂಡ ಕೆಲಸದ ಜಾಗವನ್ನು ನಕ್ಷೆಯಲ್ಲಿಯೇ ತೋರಿಸತೊಡಗಿದರು. ಮರುವರ್ಷದ ಡಿಸೆಂಬರಿನಲ್ಲಿ ‘ಕ್ಯಾಟಕ್ಲಿಸಮ್’ ಎಂಬ ಭಾಗ ಬಂದು ಹೈಜಾಲ್ ತೆರೆಯಿತು; ಹಳೆಯ ಖಂಡಗಳ ಮೇಲೆ ಹಾರಾಡಲೂ ಅನುಕೂಲವಾಯಿತು. ಆಕಾಶದಿಂದ ನೋಡಿದರೆ ಕಾಣುವ ಅರೆಬರೆ ನೆಲವನ್ನು ಅದಕ್ಕಾಗಿ ಹೊಸದಾಗಿ ಕಟ್ಟಬೇಕಾಯಿತು.

ಆದರೆ ದಾರಿ ಸುಗಮವಾದಂತೆ ದಾರಿ ಕೇಳುವ ಮಾತೂ ಕಡಿಮೆಯಾಯಿತೆಂದು ಹಳಬರು ಹಲುಬಿದರು. 2019ರ ಆಗಸ್ಟಿನಲ್ಲಿ ಹಳೆಯ ಲೋಕವನ್ನೇ ‘ಕ್ಲಾಸಿಕ್’ ಎಂಬ ಹೆಸರಿನಿಂದ ಪುನಃ ತೆರೆದಾಗ, ಮ್ಯಾನ್‌ಕ್ರಿಕನ ಹೆಂಡತಿಯೂ ಮಾತಿಗೆ ಮರಳಿದಳು. ಪರಸ್ಥಳಕ್ಕೆ ಬಂದು, ದಾರಿ ಕೇಳುತ್ತಲೇ ನೆರೆಹೊರೆಯನ್ನು ಸಂಪಾದಿಸಿಕೊಂಡ ನಮಗೆ ಆ ಹಲುಬು ಅರ್ಥವಾಗದುದಲ್ಲ. ಮುಚ್ಚಿದ ಬಾಗಿಲು ತೆರೆಯಬೇಕು, ನಿಜ. ಕೇಳುವ ಬಾಯಿಯನ್ನು ಮಾತ್ರ ಮಕ್ಕಳು ಮುಚ್ಚದಿರಲಿ.