‘ನಾಳೆ’ ಎಂಬ ಘರ್ಷಣೆ

1990ರ ಸುಮಾರಿನಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆಯೋ ಗೋಡೆಯ ಮೇಲೆಯೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ರಾತ್ರಿಯ ಹೊತ್ತು ದೆವ್ವವೊಂದು ಪರಿಚಿತರ ದನಿಯಲ್ಲಿ ಕೂಗುತ್ತ ಬರುವುದೆಂದೂ, ಬಾಗಿಲ ಬರಹವನ್ನು ಓದಿ ಮರಳುವುದೆಂದೂ, ಮರುದಿನ ಬಂದು ಅದನ್ನೇ ಓದಿ ಮತ್ತೆ ಮರಳುವುದೆಂದೂ ಜನರ ನಂಬಿಕೆಯಾಗಿತ್ತು. ದೆವ್ವದ ವಿಚಾರ ಹೇಗೇ ಇರಲಿ, ಅದನ್ನು ಸಾಗಹಾಕಿದ ಉಪಾಯವನ್ನು ನಾವೆಲ್ಲರೂ ಬಲ್ಲೆವು. ಓದಬೇಕಾದ ಪಾಠಕ್ಕೆ, ಬರೆಯಬೇಕಾದ ಪ್ರಯೋಗದ ರೆಕಾರ್ಡಿಗೆ, ಬೆಳಗಿನ ಓಟಕ್ಕೆ ನಾವು ದಿನವೂ ಹೇಳುವುದು ಇದನ್ನೇ. ದೆವ್ವವು ಬರುಬರುತ್ತ ನಮ್ಮನ್ನು ಮರೆಯಿತು. ಪರೀಕ್ಷೆ ಮಾತ್ರ ಮರೆಯುವುದಿಲ್ಲ.

ಹೀಗೆ ಕೆಲಸವನ್ನು ಮುಂದೂಡುವವನನ್ನು ಲೋಕವು ‘ಜಡ’ ಎನ್ನುತ್ತದೆ. ಭೌತಶಾಸ್ತ್ರದಲ್ಲಿಯೂ ಜಡತ್ವವೆಂಬ ಮಾತು ಇರುವುದರಿಂದ, ನಮ್ಮ ತರಗತಿಗಳಲ್ಲಿ ನ್ಯೂಟನ್ನನ ಮೊದಲನೆಯ ನಿಯಮ ಬಂದ ದಿನ ಹಿಂದಿನ ಬೆಂಚಿನವರ ಕಡೆಗೆ ಎಲ್ಲರೂ ತಿರುಗಿ ನೋಡಿ ನಗುವುದುಂಟು. ಆದರೆ ಈ ಹೋಲಿಕೆ ಸರಿಯಲ್ಲ. ಜಡತ್ವವು ನಿಂತ ವಸ್ತುವನ್ನು ಕಟ್ಟಿಹಾಕುವ ಹಗ್ಗವಲ್ಲ. ಅಡ್ಡಿಯೇನೂ ಇಲ್ಲದಿದ್ದರೆ ಎಷ್ಟೇ ಭಾರವಾದ ವಸ್ತುವನ್ನಾದರೂ ಒಂದು ಬೆರಳಿನಿಂದ ಒತ್ತಿ ಚಲಿಸುವಂತೆ ಮಾಡಬಹುದು. ವೇಗವು ನಿಧಾನವಾಗಿ ಹೆಚ್ಚುವುದು, ಅಷ್ಟೆ. ವಸ್ತುವನ್ನು ನಿಂತಲ್ಲಿಯೇ ಹಿಡಿದಿಡುವುದು ಘರ್ಷಣೆ.

ಮರದ ಗಾಲಿಯ ಹಳೆಯ ಚಕ್ಕಡಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೇರು ತುಂಬಿ ನಿಂತ ಬಂಡಿಯನ್ನು ಕೀಳುವಾಗ ಎತ್ತುಗಳು ಕುತ್ತಿಗೆ ಬಿಗಿದು, ಮೊಣಕಾಲು ಬಾಗಿಸಿ ಜಗ್ಗಬೇಕಾಗುವುದು. ಒಮ್ಮೆ ಉರುಳಲಾರಂಭಿಸಿದ ಮೇಲೆ ಅವೇ ಎತ್ತುಗಳು ಮೆಲುಕು ಹಾಕುತ್ತ ನಡೆಯುತ್ತವೆ. ಅಚ್ಚಿಗೂ ಗಾಲಿಗೂ ನಡುವಿನ ಸ್ಥಾಯಿ ಘರ್ಷಣೆಯು ಚಲನೆಯಲ್ಲಿರುವಾಗಿನ ಘರ್ಷಣೆಗಿಂತ ಹೆಚ್ಚಾಗಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಫ್ರಾನ್ಸಿನ ಕುಲೋಂ ಎಂಬ ಇಂಜಿನಿಯರನು ಘರ್ಷಣೆಯ ಮೇಲೆ ನಡೆಸಿದ ಪ್ರಯೋಗಗಳಿಗಾಗಿ 1781ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಬಹುಮಾನವನ್ನು ಪಡೆದನು. ಅವನು ಕಂಡ ಒಂದು ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಮರದ ಮೇಲೆ ಮರವನ್ನಿಟ್ಟು ಬಿಟ್ಟರೆ, ಅದು ಹೆಚ್ಚು ಹೊತ್ತು ನಿಂತಷ್ಟೂ ಕದಲಿಸಲು ಹೆಚ್ಚು ಬಲ ಬೇಕಾಗುವುದು! ಮೇಲ್ಮೈಗಳು ಒಂದನ್ನೊಂದು ಮುಟ್ಟುವುದು ಅತಿ ಸಣ್ಣ ಉಬ್ಬುಗಳಲ್ಲಿ ಮಾತ್ರ. ಆ ಉಬ್ಬುಗಳು ಭಾರಕ್ಕೆ ಮೆಲ್ಲಮೆಲ್ಲನೆ ಚಪ್ಪಟೆಯಾಗುತ್ತ, ಮುಟ್ಟುವ ಜಾಗ ಹೊತ್ತು ಕಳೆದಂತೆ ಬೆಳೆಯುತ್ತದೆ.

ಮನಸ್ಸು ಮರದ ತುಂಡಲ್ಲವೆಂಬುದನ್ನು ನಾವು ಬಲ್ಲೆವು. ಹೋಲಿಕೆಯು ದಾರಿ ತೋರಿಸೀತು, ಪ್ರಮಾಣವಾಗಲಾರದು. ಆದುದರಿಂದ ಮನಶ್ಶಾಸ್ತ್ರಜ್ಞರು ಕಂಡುದೇನೆಂಬುದನ್ನು ನೋಡೋಣ.

ರಾತ್ರಿ ಹತ್ತು ಗಂಟೆಗೆ ‘ನಾಳೆ ಐದಕ್ಕೆ ಎದ್ದು ಓಡುವೆನು’ ಎಂದು ನಿಶ್ಚಯಿಸುವ ತರುಣನು ಸುಳ್ಳುಗಾರನಲ್ಲ. ಆ ಹೊತ್ತಿನಲ್ಲಿ ಬೆಳಗಿನ ನಿದ್ದೆಯ ಸುಖವೂ ದೂರ, ಮೈಕಟ್ಟಿನ ಫಲವೂ ದೂರ. ಎರಡನ್ನೂ ತೂಗಿದರೆ ಫಲವೇ ಹೆಚ್ಚು ತೂಗುವುದು. ಐದು ಗಂಟೆಗೆ ನಿದ್ದೆಯು ಕೈಗೆ ಸಿಕ್ಕಿರುತ್ತದೆ, ಫಲವು ಮಾತ್ರ ಇದ್ದಷ್ಟೇ ದೂರದಲ್ಲಿರುತ್ತದೆ. ತಕ್ಕಡಿ ತಿರುಗಿಬೀಳುವುದು ಆಗಲೇ. ಅಮೆರಿಕದ ಜಾರ್ಜ್ ಐನ್ಸ್ಲಿಯವರು 1970ರ ದಶಕದಲ್ಲಿ ಪಾರಿವಾಳಗಳಲ್ಲಿಯೂ ಇಂಥ ವರ್ತನೆಯನ್ನು ಕಂಡರು. ಹಕ್ಕಿಯೂ ಹತ್ತಿರದ ಸಣ್ಣ ಕಾಳಿಗೆ ಮನಸೋಲುವುದು. ಇದರೊಡನೆ ಇನ್ನೊಂದು ಮಾತನ್ನು 2013ರಲ್ಲಿ ಸಿರೋಯಿ ಮತ್ತು ಪಿಚಿಲ್ ಎಂಬ ಇಬ್ಬರು ವಿದ್ವಾಂಸರು ಮುಂದಿಟ್ಟರು. ಮುಂದೂಡುವವನು ಹೊತ್ತನ್ನು ಹೊಂದಿಸಲಾರದೆ ಮುಂದೂಡುವುದಕ್ಕಿಂತ, ಕೆಲಸವನ್ನು ನೆನೆದೊಡನೆ ಮನಸ್ಸಿನಲ್ಲಿ ಏಳುವ ಬೇಸರವನ್ನೋ ಅಂಜಿಕೆಯನ್ನೋ ಆ ಕ್ಷಣಕ್ಕೆ ಶಮನ ಮಾಡಿಕೊಳ್ಳಲು ಮುಂದೂಡುತ್ತಾನೆ ಎಂಬುದು ಅವರ ಅಭಿಪ್ರಾಯ. ಅಂಜಿಕೆ ತಗ್ಗುವುದು ನಿಜ. ಮರುದಿನ ಕೆಲಸವೂ ಉಳಿದಿರುತ್ತದೆ, ನಿನ್ನೆ ಮಾಡಲಿಲ್ಲವೆಂಬ ನಾಚಿಕೆಯೂ ಸೇರಿಕೊಂಡಿರುತ್ತದೆ. ಕುಲೋಂನ ಮರದ ತುಂಡು ಇಲ್ಲಿ ನೆನಪಾಗದೆ ಇರದು.

ಹಾಗಾದರೆ ಇದು ಮನುಷ್ಯನ ಗುಣದ ದೋಷವೆ? ನಮಗೆ ಹಾಗೆ ತೋರುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಯಾವ ರೈತನಾದರೂ ಬಿತ್ತನೆಯನ್ನು ‘ನಾಳೆ’ಗೆ ಬಿಟ್ಟುದನ್ನು ಕಂಡವರುಂಟೆ? ಹಾನಗಲ್ಲಿನ ಕಡೆ ಕೂರಿಗೆಯಿಂದ ಭತ್ತ ಬಿತ್ತುವವನಿಗೂ ಸವಣೂರಿನ ಎರೆಭೂಮಿಯವನಿಗೂ ಹದವೆಂಬುದು ಕೆಲವೇ ದಿನಗಳ ಮಾತು. ಹಸಿ ಹೆಚ್ಚಾದರೆ ಮಣ್ಣು ಕೂರಿಗೆಗೆ ಮೆತ್ತುವುದು, ಆರಿದರೆ ಬೀಜ ಮೊಳೆಯದು. ಅದೇ ರೈತನು ಬದುವಿನ ದುರಸ್ತಿಯನ್ನು ವರ್ಷಗಟ್ಟಲೆ ಮುಂದೂಡುವುದುಂಟು. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನಂತೂ ಕೇಳುವುದೇ ಬೇಡ. ಗುಣವು ಒಂದೇ, ಒಂದು ಕೆಲಸಕ್ಕೆ ಹದವಿದೆ, ಇನ್ನೊಂದಕ್ಕೆ ಇಲ್ಲ.

ಈ ಸೀಮೆಯ ಹೋರಿ ಹಬ್ಬವೂ ಅಂಥದೇ. ದೀಪಾವಳಿಯ ಬಳಿಕ ಊರೂರುಗಳಲ್ಲಿ ಕೊಬ್ಬರಿಯ ಸರ ಕಟ್ಟಿದ ಹೋರಿಗಳನ್ನು ಓಡಿಸುತ್ತಾರೆ. ಅದಕ್ಕಾಗಿ ತರುಣರು ತಿಂಗಳುಗಳ ಮೊದಲೇ ಹೋರಿಗೆ ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಓಟ ಕಲಿಸಿ ಸಜ್ಜುಗೊಳಿಸುವರು. ಓಟದ ದಿನ ಗಾಯಗೊಳ್ಳುವವರ ವಿಷಯದಲ್ಲಿ ನಮಗೆ ಕಳವಳವಿದ್ದೇ ಇದೆ. ಆದರೆ ಹೋರಿಯ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸದ ಹುಡುಗನು ತನ್ನ ವ್ಯಾಯಾಮವನ್ನು ತಿಂಗಳುಗಟ್ಟಲೆ ತಪ್ಪಿಸುವುದು ವಿಚಿತ್ರವಲ್ಲವೆ? ಹೋರಿಗೆ ಗೊತ್ತಾದ ದಿನವಿದೆ, ನೋಡುವ ಊರಿದೆ.

ತಪ್ಪಿಸಿದುದರ ಬೆಲೆ ತಿಳಿಯುವುದು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಮೈದಾನದಲ್ಲಿ. ಅಲ್ಲಿ ಗಂಡಸರು 1600 ಮೀಟರ್ ದೂರವನ್ನು ಆರೂವರೆ ನಿಮಿಷಗಳೊಳಗೆ ಓಡಬೇಕು. ಭಾಗಾಕಾರ ಮಾಡಿದರೆ ಸೆಕೆಂಡಿಗೆ ಸುಮಾರು 4.1 ಮೀಟರ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 15 ಕಿಲೋಮೀಟರ್ ವೇಗವಾಯಿತು. ಸೈಕಲ್ಲನ್ನು ಹದವಾಗಿ ತುಳಿಯುವ ವೇಗವಿದು. ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಹೇಗೋ ಪಾರಾದವರಿದ್ದಾರೆ. ಓಟವನ್ನು ಹಾಗೆ ಉರುಹೊಡೆಯಲು ಬರುವುದಿಲ್ಲ. ಅಭ್ಯಾಸ ತೊಡಗಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ. ಸ್ನಾಯುಕೋಶಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳು ವೃದ್ಧಿಯಾಗಲು ವಾರಗಳು ಬೇಕು. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ನೇಮಕಾತಿಗೆ ಹದಿನೈದು ದಿನವಿದೆಯೆನ್ನುವಾಗ ಎದ್ದು ಮೈಮುರಿಯ ಓಡಿದವನಿಗೆ ಉಸಿರು ಸ್ವಲ್ಪ ಒದಗಿ ಬಂದೀತು, ಮೊಣಕಾಲ ಕೆಳಗಿನ ಮೂಳೆ ಒದಗಿ ಬರಲಿಲ್ಲ. ನೋವು ಹಿಡಿದು ಮೈದಾನದ ಅಂಚಿನಲ್ಲಿ ಕುಳಿತವನಿಗೆ ಮುಂದಿನ ನೇಮಕಾತಿಯ ಹೊತ್ತಿಗೆ ವಯಸ್ಸಿನ ಮಿತಿ ಮೀರಿರಲೂಬಹುದು.

ಇಂಥವರಿಗೆ ನಾವು ಸಾಮಾನ್ಯವಾಗಿ ಮಾಡುವ ಚಿಕಿತ್ಸೆ ಉಪದೇಶ. ಅದರ ಬಲವೆಷ್ಟು? ಇಂಗ್ಲೆಂಡಿನಲ್ಲಿ ಮಿಲ್ನ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಚೆನ್ನಾಗಿ ವ್ಯಾಯಾಮ ಮಾಡಬೇಕೆಂಬುದು ಗುರಿ. ಏನನ್ನೂ ಹೇಳದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 38 ಮಂದಿ ಮಾಡಿದರು. ಹೃದ್ರೋಗದ ಅಪಾಯವನ್ನೂ ವ್ಯಾಯಾಮದ ಲಾಭವನ್ನೂ ಓದಿಸಿ ಹುರಿದುಂಬಿಸಿದ ಗುಂಪಿನಲ್ಲಿ ಮಾಡಿದವರು ನೂರಕ್ಕೆ 35! ಮೂರನೆಯ ಗುಂಪಿಗೆ ಅದೇ ಉಪದೇಶದೊಡನೆ ಒಂದು ವಾಕ್ಯವನ್ನು ಬರೆಯಿಸಿದರು: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುವೆನು ಎಂದು. ಅವರಲ್ಲಿ ನೂರಕ್ಕೆ 91 ಮಂದಿ ಮಾಡಿದ್ದರು. ಒಂದೇ ವಾರದ ಪ್ರಯೋಗವಾದುದರಿಂದ ಇದರ ಮೇಲೆ ಮಹಲು ಕಟ್ಟಬಾರದು. ಆದರೂ ಇಷ್ಟು ದೊಡ್ಡ ಅಂತರವನ್ನು ತಳ್ಳಿಹಾಕಲಾಗದು. ಆ ಒಂದು ವಾಕ್ಯವು ಹದವಿಲ್ಲದ ಕೆಲಸಕ್ಕೆ ಹದವನ್ನು ಮಾಡಿಕೊಟ್ಟಿತು.

ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತು ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ಶಿಗ್ಗಾಂವಿಯ ಉತ್ತರಕ್ಕಿರುವ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತು ಮರಳುತ್ತಿದ್ದುದು ಪ್ರಸಿದ್ಧವಾಗಿದೆ. ಅವರ ಶ್ರದ್ಧೆಯನ್ನು ಎಲ್ಲರೂ ಕೊಂಡಾಡುವರು, ಕೊಂಡಾಡಬೇಕಾದುದೇ. ರೈಲಿನ ವೇಳಾಪಟ್ಟಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ‘ಇವೊತ್ತು ಹಾಡಲೊ ಬೇಡವೊ’ ಎಂದು ತೂಗಿ ನೋಡುತ್ತ ಕೂತರೆ ಗಾಡಿ ನಿಲ್ಲುವುದಿಲ್ಲವಷ್ಟೆ.

ವಾಕ್ಯ ಬರೆದವನು ಎಷ್ಟು ದಿನ ಜಗ್ಗಬೇಕಾದೀತು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ಇದನ್ನು ಲೆಕ್ಕಹಾಕಿದರು. ಹೊಸ ಕೆಲಸವೊಂದು ತಾನಾಗಿಯೇ ನಡೆಯುವ ಅಭ್ಯಾಸವಾಗಲು ನಡುಲೆಕ್ಕದಲ್ಲಿ 66 ದಿನ ಬೇಕಾಯಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ನೀರು ಕುಡಿಯುವಂಥ ಸಣ್ಣ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಾಲ, ಹೆಚ್ಚುಕಡಿಮೆ ಮೂರು ತಿಂಗಳು, ಹಿಡಿಯಿತು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ, ಬಲಿಪಾಡ್ಯಮಿಯಂದು ಊರ ಹೊರಗಿನ ರಸ್ತೆಗಿಳಿದವನಿಗೆ ಅದು ರಥಸಪ್ತಮಿಯ ಸುಮಾರಿಗೆ ಬರುತ್ತದೆ. ಆ ಲೆಕ್ಕವೂ ನಡುಲೆಕ್ಕವೇ. ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಗಿದ್ದವು.